ನಡಿಗೆ ಹುಟ್ಟಿನಿಂದ ಬರುವುದೋ, ಕಲಿತು ಬರುವುದೋ?

ಚೆನ್ನೈಯ ಯಾವುದಾದರೂ ದೊಡ್ಡ ಆಸ್ಪತ್ರೆಯ ಫಿಸಿಯೋಥೆರಪಿ ಹಾಲಿನಲ್ಲಿ ಅರ್ಧ ಗಂಟೆ ಕೂತರೆ, ಮೂರು ಬೇರೆ ಬೇರೆ ಕಾಲದ ವೈದ್ಯಶಾಸ್ತ್ರ ಒಂದೇ ಸೂರಿನಡಿ ನಡೆಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ಒಂದು ಮೂಲೆಯಲ್ಲಿ ಎರಡು ವರ್ಷದ ಮಗುವನ್ನು ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂರಿಸಿ, ಸೊಂಟದ ಎರಡೂ ಬದಿ ಕೈಯಿಟ್ಟು, ಥೆರಪಿಸ್ಟ್ ಮೆಲ್ಲನೆ ಅತ್ತಿತ್ತ ಓಲಾಡಿಸುತ್ತಿರುತ್ತಾರೆ. ಪಕ್ಕದ ಮೇಜಿನಲ್ಲಿ ಲಕ್ವ ಹೊಡೆದ ಹೆಂಗಸೊಬ್ಬರು ಸ್ಟೀಲ್ ಲೋಟದ ನೀರನ್ನು ಡಬರಿಗೆ, ಡಬರಿಯಿಂದ ಮತ್ತೆ ಲೋಟಕ್ಕೆ ಸುರಿಯುತ್ತಿರುತ್ತಾರೆ. ಚೆಲ್ಲಿದರೆ ಒರೆಸುವುದು, ಮತ್ತೆ ಸುರಿಯುವುದು. ಆಚೆ ಬದಿ ಗಂಡಸೊಬ್ಬರು ಯಂತ್ರದ ಹಿಡಿ ತಿರುಗಿಸುತ್ತಾ ಪರದೆಯ ಮೇಲಿನ ಆಟದಲ್ಲಿ ಮುಳುಗಿದ್ದಾರೆ. ಮೂವರಿಗೂ ಮೂಲ ತೊಂದರೆ ಒಂದೇ. ಸ್ನಾಯು ಕೆಟ್ಟಿಲ್ಲ, ಮೂಳೆ ಮುರಿದಿಲ್ಲ. ಅವನ್ನೆಲ್ಲ ನಡೆಸುವ ಮಿದುಳಿಗೆ ಪೆಟ್ಟಾಗಿದೆ. ಚಿಕಿತ್ಸೆ ಮಾತ್ರ ಮೂರು ದಾರಿ ಹಿಡಿದಿದೆ.

ದಾರಿ ಮೂರಾದದ್ದಕ್ಕೆ ಕಾರಣ ಒಂದು ಹಳೆಯ ಜಗಳ. ಮಗು ಕತ್ತು ನಿಲ್ಲಿಸುವುದು, ಬೋರಲಾಗುವುದು, ಅಂಬೆಗಾಲಿಟ್ಟು ಹೊಸಲು ದಾಟುವುದು, ಎದ್ದು ತಪ್ಪುಹೆಜ್ಜೆ ಇಡುವುದು ಇವೆಲ್ಲ ನರಮಂಡಲ ಬಲಿತಂತೆ ತಾವಾಗಿಯೇ ಅರಳುವ ಕ್ರಿಯೆಗಳೇ? ಅಥವಾ ಈಜು, ಸೈಕಲ್ಲಿನಂತೆ ಬಿದ್ದು ಎದ್ದು ಕಲಿಯುವ ವಿದ್ಯೆಗಳೇ? ಪೆಟ್ಟು ತಿಂದ ಮಿದುಳಿಗೆ ಚಲನೆಯನ್ನು ಮರಳಿ ಕಲಿಸುವ ವಿಧಾನ ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ನಿಂತಿದೆ. ನೂರು ವರ್ಷದಿಂದ ಉತ್ತರ ಬದಲಾಗುತ್ತಾ ಬಂದಿದೆ.

ಪೋಲಿಯೊ ಬಿಟ್ಟುಹೋದ ಬಳುವಳಿ

ಭಾರತದಲ್ಲಿ ಫಿಸಿಯೋಥೆರಪಿ ವೃತ್ತಿಯಾಗಿ ಬೇರೂರಿದ್ದು ಪೋಲಿಯೊ ದೆಸೆಯಿಂದ. 1950ರ ದಶಕದ ಆರಂಭದಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ತರಬೇತಿ ಶಾಲೆ ಶುರುವಾಯಿತು. ಮದರಾಸಿನಲ್ಲಿ ದುರ್ಗಾಬಾಯಿ ದೇಶಮುಖ್ ಕಟ್ಟಿದ ಆಂಧ್ರ ಮಹಿಳಾ ಸಭಾ ಪೋಲಿಯೊ ಪೀಡಿತ ಮಕ್ಕಳಿಗಾಗಿ ಮೂಳೆ ಚಿಕಿತ್ಸಾ ಕೇಂದ್ರ ನಡೆಸಿತು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ 1959ರಲ್ಲಿ ಅಂಗವಿಕಲರ ಸಂಘ ಕಟ್ಟಿದರು. ಆಗಿನ ಚಿಕಿತ್ಸೆಯ ಲೆಕ್ಕಾಚಾರ ಸರಳವಾಗಿತ್ತು: ಯಾವ ಸ್ನಾಯು ಎಷ್ಟು ಉಳಿದಿದೆ ಎಂದು ಒಂದೊಂದಾಗಿ ಪರೀಕ್ಷಿಸು, ಉಳಿದದ್ದನ್ನು ಬಲಪಡಿಸು, ಉಳಿಯದ್ದಕ್ಕೆ ಕ್ಯಾಲಿಪರ್ ಹಾಕು. ಪೋಲಿಯೊ ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುತ್ತದೆಯೇ ಹೊರತು ಸಾಮಾನ್ಯವಾಗಿ ಮಿದುಳನ್ನು ಮುಟ್ಟುವುದಿಲ್ಲವಾದ್ದರಿಂದ ಈ ಲೆಕ್ಕ ಹೊಂದುತ್ತಿತ್ತು.

ಚೆನ್ನೈಗೆ ಸುಮಾರು 140 ಕಿಲೋಮೀಟರ್ ದೂರದ ವೆಲ್ಲೂರು ಈ ಕಥೆಯ ಇನ್ನೊಂದು ಊರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಯುವ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟುಬಿದ್ದು ಗಾಲಿಕುರ್ಚಿ ಹಿಡಿದರು. ಕುಷ್ಠರೋಗಿಗಳ ಕೈಗಳಿಗೆ ಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ನ್ಯೂಯಾರ್ಕಿನಲ್ಲಿ ಹೊವರ್ಡ್ ರಸ್ಕ್ ಅವರ ಬಳಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು ಆ ವಿಭಾಗವನ್ನು ಕಟ್ಟಿದರು. 1966ರಲ್ಲಿ ವೆಲ್ಲೂರಿನ ಪುನರ್ವಸತಿ ಸಂಸ್ಥೆ ತೆರೆಯಿತು. ಬೆನ್ನುಹುರಿ ಮುರಿದವರು ಮನೆಗೆ ಮರಳಿ ಅಡುಗೆ, ಅಂಗಡಿ, ಹೊಲ ನೋಡಿಕೊಳ್ಳುವಂತಾಗಬೇಕು ಎಂಬ ಗುರಿ ಅಲ್ಲಿ ಮೊದಲಿನಿಂದಲೇ ಇತ್ತು. ಕೋಲಾರ, ಬೆಂಗಳೂರು ಕಡೆಯ ಎಷ್ಟೋ ಕನ್ನಡ ಕುಟುಂಬಗಳಿಗೆ ಇಂದಿಗೂ ವೆಲ್ಲೂರೇ ಕೊನೆಯ ಭರವಸೆ.

ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ವರದಿಯಾಯಿತು. 2014ರ ಮಾರ್ಚ್‌ನಲ್ಲಿ ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಥೆರಪಿ ಹಾಲುಗಳು ಖಾಲಿಯಾಗಲಿಲ್ಲ. ದಿನ ತುಂಬದೆ ಹುಟ್ಟಿ ಬದುಕುಳಿದ ಮಕ್ಕಳು, ಹೆರಿಗೆಯಲ್ಲಿ ಉಸಿರುಕಟ್ಟಿದ ಮಕ್ಕಳು, ಐವತ್ತಕ್ಕೇ ಸ್ಟ್ರೋಕ್ ಆದವರು ಅಲ್ಲಿಗೆ ಬಂದರು. ಇವರ ಸ್ನಾಯು ಸತ್ತಿಲ್ಲ. ಬದಲಿಗೆ ಸೆಡೆತುಕೊಂಡಿದೆ, ಹೇಳಿದ ಮಾತು ಕೇಳುವುದಿಲ್ಲ. ಪೋಲಿಯೊ ಕಾಲದ ಸ್ನಾಯುಲೆಕ್ಕ ಇಲ್ಲಿ ಕೈಕೊಟ್ಟಿತು.

ಮೇಲಿಂದ ಕೆಳಕ್ಕೆ ಎಂದವರು

ಮಿದುಳಿಗೂ ಚಲನೆಗೂ ಇರುವ ನಂಟಿನ ಬಗ್ಗೆ ಮೊದಲ ದೊಡ್ಡ ಚಿತ್ರ ಕೊಟ್ಟವರು ಇಂಗ್ಲೆಂಡಿನ ನರವಿಜ್ಞಾನಿಗಳು. ಹ್ಯೂಲಿಂಗ್ಸ್ ಜಾಕ್ಸನ್ ನರಮಂಡಲವನ್ನು ಮೆಟ್ಟಿಲುಗಳಂತೆ ಕಂಡರು: ಕೆಳಗೆ ಹಳೆಯ, ಒರಟು ಕೇಂದ್ರಗಳು, ಮೇಲೆ ಹೊಸ, ನಾಜೂಕಿನ ಕೇಂದ್ರಗಳು, ಮೇಲಿನದು ಕೆಟ್ಟರೆ ಕೆಳಗಿನದಕ್ಕೆ ಲಗಾಮು ತಪ್ಪುತ್ತದೆ. ಚಾರ್ಲ್ಸ್ ಶೆರಿಂಗ್ಟನ್ 1906ರ ತಮ್ಮ ಗ್ರಂಥದಲ್ಲಿ ರಿಫ್ಲೆಕ್ಸ್‌ಗಳೇ, ಅಂದರೆ ತಾವಾಗಿ ಆಗುವ ಪ್ರತಿಕ್ರಿಯೆಗಳೇ, ಚಲನೆಯ ಇಟ್ಟಿಗೆಗಳು ಎಂಬ ಚಿತ್ರ ಕೊಟ್ಟರು. ಅಮೆರಿಕದಲ್ಲಿ ಆರ್ನಾಲ್ಡ್ ಗೆಸೆಲ್ ಮಕ್ಕಳನ್ನು ಫಿಲ್ಮಿನಲ್ಲಿ ಸೆರೆಹಿಡಿದು ಯಾವ ತಿಂಗಳಿಗೆ ಯಾವ ಚಲನೆ ಎಂಬ ಪಟ್ಟಿ ಮಾಡಿದರು. 1929ರಲ್ಲಿ ಅವಳಿ ಹೆಣ್ಣುಮಕ್ಕಳ ಮೇಲೆ ಅವರು ನಡೆಸಿದ ಪ್ರಯೋಗ ಪ್ರಸಿದ್ಧ. ಒಬ್ಬಳಿಗೆ ವಾರಗಟ್ಟಲೆ ಮೆಟ್ಟಿಲು ಹತ್ತುವ ಅಭ್ಯಾಸ ಕೊಟ್ಟರು, ಇನ್ನೊಬ್ಬಳನ್ನು ಹಾಗೇ ಬಿಟ್ಟರು. ಬಿಟ್ಟವಳು ತಡವಾಗಿ ಶುರುಮಾಡಿದರೂ ಬೇಗನೆ ಸರಿಸಮಕ್ಕೆ ಬಂದಳು. ಬಲಿಯಬೇಕಾದ ನರ ಬಲಿತರೆ ಸಾಕು, ಕಲಿಸುವುದು ಅನಗತ್ಯ ಎಂಬ ತೀರ್ಮಾನಕ್ಕೆ ಗೆಸೆಲ್ ಬಂದರು. ನಮ್ಮ ಅಂಗನವಾಡಿಯ ಗೋಡೆಯ ಮೇಲಿನ ಬೆಳವಣಿಗೆಯ ಚಾರ್ಟಿನ ಹಿಂದೆ ಇರುವುದು ಇದೇ ಮಾದರಿಯ ಯೋಚನೆ.

ಇದೇ ನೆಲದ ಮೇಲೆ ಬೊಬಾತ್ ಪದ್ಧತಿ ಹುಟ್ಟಿತು. ಬರ್ಲಿನ್ನಿನ ಬರ್ಟಾ ಬೊಬಾತ್ ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದವರು. 1943ರಲ್ಲಿ ಸ್ಟ್ರೋಕ್ ಆಗಿದ್ದ ಸೈಮನ್ ಎಲ್ವಿಸ್ ಎಂಬ ಚಿತ್ರಕಾರರಿಗೆ ಚಿಕಿತ್ಸೆ ಕೊಡುವಾಗ ಅವರಿಗೊಂದು ಸಂಗತಿ ಹೊಳೆಯಿತು: ಸೆಡೆತ ಕಲ್ಲಿನಂತೆ ಸ್ಥಿರವಾದದ್ದಲ್ಲ, ದೇಹವನ್ನು ಹಿಡಿಯುವ, ತಿರುಗಿಸುವ ರೀತಿಯಿಂದ ಅದು ಸಡಿಲಾಗುತ್ತದೆ. ವೈದ್ಯರಾಗಿದ್ದ ಪತಿ ಕಾರೆಲ್ ಅದಕ್ಕೆ ಶೆರಿಂಗ್ಟನ್ ಪರಂಪರೆಯ ವಿವರಣೆ ಜೋಡಿಸಿದರು. ಕೆಟ್ಟ ರಿಫ್ಲೆಕ್ಸ್ ಅದುಮಬೇಕು, ಸ್ನಾಯುವಿನ ಬಿಗುವು ಅಂದರೆ 'ಟೋನ್' ಸರಿಪಡಿಸಬೇಕು, ಸರಿಯಾದ ಚಲನೆಯ ಅನುಭವವನ್ನು ಥೆರಪಿಸ್ಟರ ಕೈ ಮಗುವಿಗೆ ಕೊಡಬೇಕು. ಚೆಂಡಿನ ಮೇಲೆ ಓಲಾಡುವ ಮಗುವಿನ ಸೊಂಟದಲ್ಲಿರುವುದು ಬರ್ಟಾ ಅವರ ಕೈಯೇ ಎನ್ನಬಹುದು.

ಅದೇ ದಶಕಗಳಲ್ಲಿ ಸಿಗ್ನೆ ಬ್ರುನ್‌ಸ್ಟ್ರಾಮ್ ಸ್ಟ್ರೋಕ್ ಚೇತರಿಕೆಯ ಹಂತಗಳನ್ನು ಗುರುತಿಸಿದರು. ಕಬಾಟ್ ಮತ್ತು ನಾಟ್ ಕ್ಯಾಲಿಫೋರ್ನಿಯಾದಲ್ಲಿ ಓರೆ ಚಲನೆಗಳ ವ್ಯಾಯಾಮ ಕಟ್ಟಿದರು. ಚೆಕ್ ವೈದ್ಯ ವೊಯ್ಟಾ ದೇಹದ ಕೆಲವು ಜಾಗ ಒತ್ತಿ ರಿಫ್ಲೆಕ್ಸ್ ಚಲನೆ ಎಬ್ಬಿಸಿದರು. ಡೊಮನ್–ಡೆಲಕಾಟೊ ಎಂಬುವರು ಮಗುವಿನ ಕೈಕಾಲನ್ನು ಹಲವರು ಸೇರಿ ಹಿಡಿದು ಅಂಬೆಗಾಲಿನ ಲಯದಲ್ಲಿ ಆಡಿಸಿದರೆ ಮಿದುಳು ಸರಿಹೋಗುತ್ತದೆ ಎಂದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದರ ವಿರುದ್ಧ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿತು. ಇಂಥ ಪವಾಡದ ಆಸೆ ಹುಟ್ಟಿಸುವ ಪ್ಯಾಕೇಜುಗಳಿಗೆ ನಮ್ಮ ಊರುಗಳಲ್ಲೂ ಬರವಿಲ್ಲ.

ಈ ಪಂಥವನ್ನು ಹಗುರವಾಗಿ ಕಾಣುವಂತಿಲ್ಲ. ಸೆಡೆತ ಯಾಕೆ ಬರುತ್ತದೆ, ಕೈ ಎತ್ತಲು ಹೋದರೆ ಮೊಣಕೈ ತಾನಾಗಿ ಮಡಚಿಕೊಳ್ಳುವುದು ಏಕೆ ಎಂಬುದಕ್ಕೆ ಮೊದಲ ಉತ್ತರ ಕೊಟ್ಟವರು ಇವರೇ. ಕೈಬಿಟ್ಟ ಮಕ್ಕಳನ್ನು ಕೈಗೆತ್ತಿಕೊಂಡವರೂ ಇವರೇ.

ನೀರಿನಲ್ಲಿ ಮರಳಿದ ಹೆಜ್ಜೆ

ಈ ಕಟ್ಟಡ ಬಿರುಕು ಬಿಟ್ಟದ್ದು ಒಂದು ಪುಟ್ಟ ಪ್ರಶ್ನೆಯಿಂದ. ಈಗಷ್ಟೇ ಹುಟ್ಟಿದ ಮಗುವನ್ನು ಕಂಕುಳ ಹಿಡಿದು ನಿಲ್ಲಿಸಿದರೆ ಅದು ಹೆಜ್ಜೆ ಹಾಕುತ್ತದೆ. ಎರಡು ತಿಂಗಳ ಹೊತ್ತಿಗೆ ಈ ಹೆಜ್ಜೆ ಮಾಯವಾಗುತ್ತದೆ. ಮೇಲಿನ ಮಿದುಳು ಬಲಿತು ಕೆಳಗಿನ ರಿಫ್ಲೆಕ್ಸನ್ನು ಅದುಮಿತು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 1980ರ ದಶಕದಲ್ಲಿ ಅಮೆರಿಕದ ಎಸ್ತರ್ ಥೆಲೆನ್ ಇದನ್ನು ನಂಬದೆ ಕೂಸುಗಳನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ನೋಡಿದರು. ಮಾಯವಾಗಿದ್ದ ಹೆಜ್ಜೆ ಮರಳಿ ಬಂತು! ಇನ್ನೂ ಹೆಜ್ಜೆ ಹಾಕುತ್ತಿದ್ದ ಕೂಸುಗಳ ಕಾಲಿಗೆ ಸಣ್ಣ ತೂಕ ಕಟ್ಟಿದಾಗ ಹೆಜ್ಜೆ ಕಡಿಮೆಯಾಯಿತು. ಎರಡು ತಿಂಗಳಲ್ಲಿ ತೊಡೆ ತುಂಬಿಕೊಂಡ ಕೊಬ್ಬನ್ನು ಎತ್ತುವ ಬಲ ಇನ್ನೂ ಬಂದಿಲ್ಲ, ಸಂಗತಿ ಅಷ್ಟೇ. ಮಿದುಳಿನ ಆಜ್ಞೆಯೊಂದೇ ಚಲನೆಯನ್ನು ತೀರ್ಮಾನಿಸುವುದಿಲ್ಲ. ದೇಹದ ತೂಕ, ಸ್ನಾಯುಬಲ, ನೆಲ, ನೀರು, ಮಗುವಿನ ಆಸಕ್ತಿ ಎಲ್ಲ ಕೂಡಿ ಚಲನೆ ರೂಪುಗೊಳ್ಳುತ್ತದೆ.

ಥೆಲೆನ್‌ಗೆ ದಾರಿ ಹಾಕಿದ್ದವರು ಸೋವಿಯತ್ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್. 1920ರ ದಶಕದಲ್ಲಿ ಅವರು ಮಾಸ್ಕೋದಲ್ಲಿ ಉಳಿಯ ಮೇಲೆ ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರ ಚಲನೆ ಅಳೆದರು. ಪ್ರತಿ ಏಟೂ ಗುರಿಗೆ ಬೀಳುತ್ತಿತ್ತು, ಆದರೆ ಭುಜ–ಮೊಣಕೈ–ಮಣಿಕಟ್ಟು ಪ್ರತಿ ಸಲ ಸ್ವಲ್ಪ ಬೇರೆಯಾಗಿ ಚಲಿಸುತ್ತಿದ್ದವು. ಪರಿಣತರೂ ಚಲನೆಯನ್ನು ಉರುಹೊಡೆದು ಒಪ್ಪಿಸುವುದಿಲ್ಲ, ಪ್ರತಿ ಸಲ ಸಮಸ್ಯೆಯನ್ನು ಹೊಸದಾಗಿ ಬಿಡಿಸುತ್ತಾರೆ ಎಂದರು. ಅವರ ಬರಹ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದದ್ದು 1967ರಲ್ಲಿ. ಹಾಗಾಗಿ ಪಶ್ಚಿಮದ ಥೆರಪಿ ಶಾಲೆಗಳಿಗೆ ಈ ಮಾತು ತಡವಾಗಿ ತಲುಪಿತು.

ಇದರಿಂದ ಚಿಕಿತ್ಸೆಗೆ ಏನಾಯಿತು? 'ಸರಿಯಾದ' ಚಲನೆ ಎಂಬುದೊಂದಿದೆ, ಅದನ್ನು ಥೆರಪಿಸ್ಟ್ ಕೈಯಿಂದ ತುಂಬಬೇಕು ಎಂಬ ನಂಬಿಕೆ ಅಲ್ಲಾಡಿತು. ವಕ್ರವಾಗಿ ನಡೆಯುವ ಮಗು, ತನ್ನ ದೇಹಕ್ಕೆ ಸಿಕ್ಕ ಅತ್ಯುತ್ತಮ ಉತ್ತರ ಕಂಡುಕೊಂಡಿರಬಹುದು.

ಎಣಿಕೆಯ ಪಂಥ

ಮೂರನೆಯ ಪಂಥಕ್ಕೆ ಸಿದ್ಧಾಂತಕ್ಕಿಂತ ಲೆಕ್ಕದ ಮೇಲೆ ಪ್ರೀತಿ. 1982ರಲ್ಲಿ ಆಸ್ಟ್ರೇಲಿಯಾದ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಫರ್ಡ್, ಸ್ಟ್ರೋಕ್ ಆದವರಿಗೆ ಬೇಕಾದದ್ದು ಕೆಲಸದ ಮರುಕಲಿಕೆ ಎಂದರು: ಕುರ್ಚಿಯಿಂದ ಏಳುವುದು ಬಾರದಿದ್ದರೆ ಏಳುವುದನ್ನೇ ಅಭ್ಯಾಸ ಮಾಡಬೇಕು. ಎಡ್ವರ್ಡ್ ಟಾಬ್ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇನ್ನೊಂದು ವಿಚಾರ ಹೊರಟಿತು. ಕೈ ಬಾರದು ಎಂದು ಬಳಸುವುದನ್ನು ಬಿಟ್ಟರೆ, ಬಳಸದಿರುವುದೇ ಕಲಿಕೆಯಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಅವರ ಮದ್ದು ಒಳ್ಳೆಯ ಕೈಗೆ ಗವಸು ಹಾಕಿ ಕಟ್ಟಿ, ಬಾರದ ಕೈಯಿಂದಲೇ ದಿನಕ್ಕೆ ಗಂಟೆಗಟ್ಟಲೆ ಕೆಲಸ ಮಾಡಿಸುವುದು. 2006ರಲ್ಲಿ ಪ್ರಕಟವಾದ ಅಮೆರಿಕದ 222 ರೋಗಿಗಳ ಪ್ರಯೋಗ ಇದರ ಲಾಭ ತೋರಿಸಿತು. 1996ರಲ್ಲಿ ರಾಂಡಾಲ್ಫ್ ನೂಡೊ ತಂಡ, ಪೆಟ್ಟಾದ ಮಿದುಳಿನಲ್ಲಿ ಕೈಯ ನಕ್ಷೆ ಅಭ್ಯಾಸದಿಂದ ಬದಲಾಗುವುದನ್ನು ಮಂಗಗಳಲ್ಲಿ ತೋರಿಸಿತ್ತು. ಮಿದುಳು ಮಾರ್ಪಾಟಾಗುತ್ತದೆ ಎಂಬುದು ಈಗ ವಾಟ್ಸ್‌ಆ್ಯಪ್ ಮಾತಾಗಿಬಿಟ್ಟಿದೆ. ಎಷ್ಟು ಅಭ್ಯಾಸಕ್ಕೆ ಎಷ್ಟು ಮಾರ್ಪಾಟು ಎಂಬ ಕಠಿಣ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಇಲ್ಲಿ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಬೇಕು. ಕರೆನ್ ಅಡಾಲ್ಫ್ ತಂಡ 2012ರಲ್ಲಿ ಪ್ರಕಟಿಸಿದಂತೆ, ನಡಿಗೆ ಕಲಿಯುವ ವಯಸ್ಸಿನ ಮಗು ಬಿಟ್ಟಲ್ಲಿ ಆಡುತ್ತಾ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತದೆ, 17 ಸಲ ಬೀಳುತ್ತದೆ. ಸ್ಟ್ರೋಕ್ ಆದವರ ಥೆರಪಿ ಸೆಷನ್ನುಗಳನ್ನು ಕೂತು ಎಣಿಸಿದ 2009ರ ಉತ್ತರ ಅಮೆರಿಕದ ಅಧ್ಯಯನದಲ್ಲಿ ಒಂದು ಸೆಷನ್ನಿಗೆ ಸಿಕ್ಕ ಹೆಜ್ಜೆ ಸರಾಸರಿ 357. ಕೈಯ ಉಪಯುಕ್ತ ಚಲನೆ 32. ಮಗು ಒಂದು ಗಂಟೆಯಲ್ಲಿ ಮಾಡುವುದನ್ನು ರೋಗಿಗೆ ಆರೇಳು ಸೆಷನ್ನುಗಳಲ್ಲಿ ಮಾಡಿಸುತ್ತೇವೆ. ಆಮೇಲೆ ಯಾವ ಪದ್ಧತಿ ಮೇಲು ಎಂದು ಜಗಳವಾಡುತ್ತೇವೆ.

ಪದ್ಧತಿಗಳ ಜಗಳದಲ್ಲಿ ತೀರ್ಪು ಬಹುಮಟ್ಟಿಗೆ ಬಂದಿದೆ. ಸ್ಟ್ರೋಕ್‌ನಲ್ಲಿ ಬೊಬಾತ್ ಪದ್ಧತಿಯ 16 ಪ್ರಯೋಗಗಳನ್ನು ಒಟ್ಟುಮಾಡಿದ 2009ರ ವಿಮರ್ಶೆಗೆ ಅದು ಬೇರೆಯವಕ್ಕಿಂತ ಮೇಲು ಎಂಬುದಕ್ಕೆ ಆಧಾರ ಸಿಗಲಿಲ್ಲ. ಎಳವೆಯಲ್ಲೇ ಮಿದುಳಿಗಾದ ಪೆಟ್ಟಿನಿಂದ ಬರುವ ಸೆರೆಬ್ರಲ್ ಪಾಲ್ಸಿಯ 64 ಚಿಕಿತ್ಸೆಗಳಿಗೆ ಟ್ರಾಫಿಕ್ ದೀಪದ ಬಣ್ಣ ಹಚ್ಚಿದ ಅಯೋನಾ ನೋವಾಕ್ ತಂಡದ 2013ರ ವಿಮರ್ಶೆಯಲ್ಲಿ ಗುರಿಯಿಟ್ಟ ಅಭ್ಯಾಸ, ಎರಡೂ ಕೈಗಳ ತರಬೇತಿ, ಗವಸಿನ ಚಿಕಿತ್ಸೆ, ಮನೆಯ ಅಭ್ಯಾಸಕ್ರಮಗಳಿಗೆ ಹಸಿರು ಸಿಕ್ಕಿತು. ಬೊಬಾತ್ ಅಲ್ಲಿ ಸೋತಿತು. ಇಂದಿನ ಬೊಬಾತ್ 1950ರದ್ದಲ್ಲ, ಮಗುವೇ ಸಕ್ರಿಯವಾಗಿ ಪಾಲ್ಗೊಳ್ಳುತ್ತದೆ ಎಂಬುದು ಅದರ ಬೋಧಕರ ವಾದ. ನ್ಯಾಯವಾದ ಮಾತೇ. ಆದರೆ ಪದ್ಧತಿ ಬದಲಾದ ಮೇಲೂ ಹೆಸರು ಹಳೆಯದೇ ಇದ್ದರೆ ಯಾವುದನ್ನು ಪರೀಕ್ಷಿಸುವುದು?

ಹೆಚ್ಚು ಅಭ್ಯಾಸವೆಂದರೆ ಆದಷ್ಟು ಬೇಗ, ಆದಷ್ಟು ಜೋರಾಗಿ ಎಂದಲ್ಲ. ಸ್ಟ್ರೋಕ್ ಆಗಿ 24 ಗಂಟೆಯೊಳಗೆ ರೋಗಿಯನ್ನು ಎಬ್ಬಿಸಿ ಹೆಚ್ಚು ಹೊತ್ತು ನಡೆಸಿದ 'ಅವರ್ಟ್' ಪ್ರಯೋಗದಲ್ಲಿ, ಐದು ದೇಶಗಳ 2,104 ರೋಗಿಗಳ ಪೈಕಿ ಬೇಗ ಎಬ್ಬಿಸಿದವರ ಚೇತರಿಕೆಯೇ ತುಸು ಕಡಿಮೆಯಾಗಿತ್ತು.

ನೆಲದ ಮೇಲೆ ಬದುಕುವವರ ಲೆಕ್ಕ

ಈ ಮೂರೂ ಪಂಥಗಳು ಕುರ್ಚಿ, ಮಂಚ, ಕಮೋಡಿನ ದೇಶಗಳಲ್ಲಿ ಹುಟ್ಟಿದವು. ನಮ್ಮ ಮನೆಗಳಲ್ಲಿ ಎಷ್ಟೋ ಜನ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾರೆ, ಕುಕ್ಕುರುಗಾಲಲ್ಲಿ ಕೂತು ಪಾತ್ರೆ ತೊಳೆಯುತ್ತಾರೆ, ನೆಲದಿಂದ ಏಳುತ್ತಾರೆ. ಸ್ಟ್ರೋಕ್ ಆದವರ ಸ್ವಾವಲಂಬನೆ ಅಳೆಯಲು ಆಸ್ಪತ್ರೆಗಳು ಬಳಸುವ ಬಾರ್ತೆಲ್ ಸೂಚಿ ಕುರ್ಚಿಗೆ ದಾಟುವುದನ್ನು, ಮೆಟ್ಟಿಲು ಹತ್ತುವುದನ್ನು ಕೇಳುತ್ತದೆ, ನೆಲದಿಂದ ಏಳುವುದನ್ನು ಕೇಳುವುದಿಲ್ಲ. ಗವಸಿನ ಚಿಕಿತ್ಸೆಯನ್ನೇ ನೋಡಿ. ಎಡಭಾಗಕ್ಕೆ ಲಕ್ವ ಹೊಡೆದವರ ಬಲಗೈಯನ್ನು ಕಟ್ಟಿದರೆ ಎಡಗೈಯಿಂದ ಉಣ್ಣಬೇಕು. ಮನೆಯ ಹಿರಿಯರು ಅದಕ್ಕೆ ಮುಖ ಸಿಂಡರಿಸುತ್ತಾರೆ. ಬಲಭಾಗ ಬಿದ್ದವರ ಎಡಗೈ ಕಟ್ಟಿದರೆ ಶೌಚದ ಗತಿಯೇನು? ಪ್ರಯೋಗದ ವರದಿಯಲ್ಲಿ ಇಲ್ಲದ ಈ ಸಂಗತಿಗಳು ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ಸಾಕು.

ಬೆಳವಣಿಗೆಯ ಕ್ಯಾಲೆಂಡರೂ ಎಲ್ಲೆಡೆ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಭಾರತ ಸೇರಿ ಐದು ದೇಶಗಳ ಮಕ್ಕಳ ಮಾಹಿತಿಯಿಂದ ಕೊಟ್ಟ ಲೆಕ್ಕದಲ್ಲಿ ಆರೋಗ್ಯವಂತ ಮಗು ಆಸರೆಯಿಲ್ಲದೆ ನಡೆಯುವ ಅವಧಿ 8.2ರಿಂದ 17.6 ತಿಂಗಳು, ಶೇ 4.3ರಷ್ಟು ಮಕ್ಕಳು ಕೈ–ಮಂಡಿಯ ಅಂಬೆಗಾಲಿಡಲೇ ಇಲ್ಲ. ಕೀನ್ಯಾದ ಕಿಪ್ಸಿಗಿಸ್ ತಾಯಂದಿರು ಮಗುವಿಗೆ ಕೂರುವುದನ್ನು ಬೇಕೆಂದೇ ಕಲಿಸುತ್ತಾರೆ, ಮಕ್ಕಳು ಬೇಗ ಕೂರುತ್ತಾರೆ. ತಜಿಕಿಸ್ತಾನದಲ್ಲಿ ದಿನದ ಬಹುಪಾಲು ತೊಟ್ಟಿಲಿಗೆ ಕಟ್ಟಿದ ಮಕ್ಕಳು ತಡವಾಗಿ ನಡೆದರೂ ನಾಲ್ಕೈದು ವರ್ಷಕ್ಕೆ ಹಿಂದೆ ಬಿದ್ದಿರುವುದಿಲ್ಲ. ನಮ್ಮ ಅಜ್ಜಿಯರು ಚಾಚಿದ ಕಾಲಿನ ಮೇಲೆ ಕೂಸನ್ನು ಬೋರಲು ಹಾಕಿ ಎಣ್ಣೆ ತಿಕ್ಕಿ ನೀರೆರೆಯುತ್ತಾರಲ್ಲ, ಅದು ಕತ್ತು, ಬೆನ್ನಿನ ಬೆಳವಣಿಗೆಗೆ ಏನು ಮಾಡುತ್ತದೆ ಎಂಬುದು ಗಂಭೀರ ಅಧ್ಯಯನಕ್ಕೆ ತಕ್ಕ ಪ್ರಶ್ನೆ.

ಹೊರಗಿನ ಚಿಕಿತ್ಸೆಯನ್ನು ಇಲ್ಲಿ ಪರೀಕ್ಷಿಸದೆ ತರಬಾರದು ಎಂಬ ಪಾಠ ಚೆನ್ನೈ, ಬೆಂಗಳೂರಿನ ನವಜಾತ ಶಿಶು ಘಟಕಗಳಿಂದಲೇ ಬಂದಿದೆ. ಉಸಿರುಕಟ್ಟಿ ಹುಟ್ಟಿದ ಮಗುವಿನ ಮೈಯನ್ನು ಮೂರು ದಿನ ತಂಪಾಗಿಟ್ಟರೆ ಮಿದುಳಿನ ಹಾನಿ ಕಡಿಮೆಯಾಗುತ್ತದೆ ಎಂಬುದು ಶ್ರೀಮಂತ ದೇಶಗಳಲ್ಲಿ ಸಾಬೀತಾದ ಚಿಕಿತ್ಸೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಕೂಸುಗಳ 'ಹೀಲಿಕ್ಸ್' ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ತಂಪಾಗಿಟ್ಟವರಲ್ಲಿ ಶೇ 42, ಇಡದವರಲ್ಲಿ ಶೇ 31 ಕೂಸುಗಳು ತೀರಿಕೊಂಡಿದ್ದವು.

ಅಭ್ಯಾಸ ಮಾಡಿಸುವವರು ಯಾರು?

ಎಣಿಕೆಯ ಪಂಥ ಹೇಳುವುದು ನಿಜವಾದರೆ ವಾರಕ್ಕೆ ಎರಡು ಸೆಷನ್ ಏನೇನೂ ಸಾಲದು. ಹಾಗಾದರೆ ಮನೆಯೇ ಥೆರಪಿ ಹಾಲು ಆಗಬೇಕು. ಈ ಯೋಚನೆ ಚೆನ್ನೈಗೆ ಹೊಸದಲ್ಲ. ಮಿಥು ಅಲೂರ್ 1972ರಲ್ಲಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಶುರುಮಾಡಿದರು, 1980ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕದ ಸ್ಪಾಸ್ಟಿಕ್ಸ್ ಸೊಸೈಟಿ ಬಂತು, 1985ರಲ್ಲಿ ಪೂನಂ ನಟರಾಜನ್ ಚೆನ್ನೈಯಲ್ಲಿ ಈಗಿನ 'ವಿದ್ಯಾಸಾಗರ್' ಕಟ್ಟಿದರು. ತಾಯಂದಿರು ಮುಂದೆ ನಿಂತು ನಡೆಸಿದ ಈ ಸಂಸ್ಥೆಗಳು ಥೆರಪಿಯನ್ನು ಶಾಲೆ, ಸಂವಹನ, ಹಕ್ಕುಗಳ ಜೊತೆ ಸೇರಿಸಿದವು. ತೆಂಕಾಶಿ ಬಳಿಯ ಆಯಿಕ್ಕುಡಿಯ ಅಮರ್ ಸೇವಾ ಸಂಗಮ್ ಹಳ್ಳಿಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಮೊಬೈಲ್ ಆ್ಯಪ್ ಮೂಲಕ ತಜ್ಞರ ಜೊತೆ ಬೆಸೆದು, ಮಗುವಿನ ಮನೆಬಾಗಿಲಿಗೇ ಚಿಕಿತ್ಸೆ ಒಯ್ಯುತ್ತದೆ. ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲೂ ಮನೆಗೆ ಬರುವ ಫಿಸಿಯೋಥೆರಪಿ ಸೇರಿದೆ. 2021ರ ಆಗಸ್ಟ್‌ನಲ್ಲಿ ಅದು ಶುರುವಾದದ್ದು ಕನ್ನಡ ಮಾತಾಡುವವರೂ ಇರುವ ಗಡಿಜಿಲ್ಲೆ ಕೃಷ್ಣಗಿರಿಯಲ್ಲಿ.

ಆದರೆ ಮನೆಯವರ ಮೇಲೆ ಭಾರ ಹೊರಿಸಿದರೆ ಸಾಕೇ? ಭಾರತದ 14 ಆಸ್ಪತ್ರೆಗಳ 1,250 ಸ್ಟ್ರೋಕ್ ರೋಗಿಗಳ 'ಅಟೆಂಡ್' ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟ ಗುಂಪಿನಲ್ಲೂ ಕೊಡದ ಗುಂಪಿನಲ್ಲೂ ಆರು ತಿಂಗಳ ಬಳಿಕ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಶೇ 47. ಒಂದಿಷ್ಟೂ ವ್ಯತ್ಯಾಸವಿಲ್ಲ. ಇದನ್ನು ಮನೆಯ ಸೋಲು ಎಂದು ಓದುವುದು ಆತುರ. ತರಬೇತಿ ಸಿಕ್ಕಿತು ಎಂದ ಮಾತ್ರಕ್ಕೆ ಅಭ್ಯಾಸ ಸಾಕಷ್ಟು ನಡೆಯಿತು ಎಂದಲ್ಲ. ಅಡುಗೆ, ನೀರು, ಕೂಲಿ, ಮಕ್ಕಳ ನಡುವೆ ಸೊಸೆಯೋ ಹೆಂಡತಿಯೋ ದಿನಕ್ಕೆ ನೂರಾರು ಸಲ ಕೈ ಎತ್ತಿಸುವುದು ಹೇಗೆ?

ಇಲ್ಲೇ ಯಂತ್ರದ ಪಾತ್ರ ಬರುತ್ತದೆ. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ಸೇರಿ ರೂಪಿಸಿದ 'ಪ್ಲೂಟೊ' ಎಂಬ ಕೈಥೆರಪಿಯ ಪುಟ್ಟ ರೋಬೊ, ಆಟವಾಡಿಸುತ್ತಾ ಬೇಸರವಿಲ್ಲದೆ ಎಣಿಕೆ ಹೆಚ್ಚಿಸುವ ಪ್ರಯತ್ನ. ಪರದೆಯ ಮೇಲಿನ ಆಟದಲ್ಲಿ ಪಳಗಿದ ಕೈ ಅನ್ನ ಕಲಸುವಾಗಲೂ ಪಳಗಿರುತ್ತದೆಯೇ ಎಂದು ಬರ್ನ್‌ಸ್ಟೈನ್ ಖಂಡಿತ ಕೇಳುತ್ತಿದ್ದರು.

ಇನ್ನೂ ಇತ್ಯರ್ಥವಾಗದ್ದು

ಹುಟ್ಟೋ ಕಲಿಕೆಯೋ ಎಂಬ ಮೂಲ ಜಗಳದಲ್ಲಿ ಎರಡೂ ಕಡೆಯವರು ಸೋತಿದ್ದಾರೆ. ನರ ಬಲಿಯದೆ ಕಲಿಕೆಯಿಲ್ಲ, ಬಳಸದೆ ನರ ಬಲಿಯುವುದಿಲ್ಲ. ಬಾಕಿ ಉಳಿದವು ಹೆಚ್ಚು ವ್ಯಾವಹಾರಿಕ ಪ್ರಶ್ನೆಗಳು. ಒಬ್ಬ ವ್ಯಕ್ತಿಗೆ ಎಷ್ಟು ಅಭ್ಯಾಸ ಸಾಕು, ಯಾವ ಹಂತದ ಬಳಿಕ ಅದು ವ್ಯರ್ಥ? ಚೇತರಿಸಿಕೊಂಡವರಲ್ಲಿ ಮಿದುಳು ನಿಜವಾಗಿ ದುರಸ್ತಿಯಾಯಿತೋ, ಉಳಿದ ಶಕ್ತಿಯಿಂದ ಅಡ್ಡದಾರಿ ಕಂಡುಕೊಂಡಿತೋ? ಅಡ್ಡದಾರಿಯಿಂದ ಕೆಲಸ ಆಗುತ್ತಿದ್ದರೆ ಅದನ್ನು 'ಸರಿಪಡಿಸುವ' ಹಟ ಏಕೆ? ತೀವ್ರ ಸೆರೆಬ್ರಲ್ ಪಾಲ್ಸಿಯ ಮಗುವಿಗೆ ನಡಿಗೆಯ ಬೆನ್ನು ಹತ್ತಿ ಹತ್ತು ವರ್ಷ ಕಳೆಯುವುದು ಮೇಲೋ, ಮೂರನೇ ವರ್ಷಕ್ಕೇ ಒಳ್ಳೆಯ ಗಾಲಿಕುರ್ಚಿ ಕೊಟ್ಟು ಶಾಲೆಗೆ ಕಳಿಸುವುದು ಮೇಲೋ? ಈ ಕೊನೆಯ ಪ್ರಶ್ನೆಯನ್ನು ವಿಜ್ಞಾನ ಒಂದೇ ಬಿಡಿಸಲಾರದು. ವಿಕಲಚೇತನರೇ ಮಾತಾಡಬೇಕು, ಮಾತಾಡುತ್ತಲೂ ಇದ್ದಾರೆ.

ಕೇಂದ್ರ ಸರ್ಕಾರ 2013ರಲ್ಲಿ ತಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಶೀಘ್ರ ಚಿಕಿತ್ಸಾ ಕೇಂದ್ರಗಳಿವೆ. ಬೆಳವಣಿಗೆ ತಡವಾದ ಮಕ್ಕಳನ್ನು ಅಲ್ಲಿ ನೋಡುತ್ತಾರೆ. ಮಗು ಒಂಬತ್ತು ತಿಂಗಳು ಕಳೆದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಅಥವಾ ವರ್ಷ ತುಂಬುವ ಮೊದಲೇ ಒಂದು ಕೈಯನ್ನಷ್ಟೇ ಬಳಸುತ್ತಿದ್ದರೆ, 'ನಮ್ಮ ವಂಶದಲ್ಲಿ ಎಲ್ಲ ತಡವೇ' ಎಂದು ಕಾಯದೆ ತೋರಿಸಿ. ಥೆರಪಿಗೆ ಹೋದಾಗ ಪದ್ಧತಿಯ ಹೆಸರು ಕೇಳುವುದಕ್ಕಿಂತ ಮೂರು ಪ್ರಶ್ನೆ ಕೇಳಿ: ಯಾವ ಕೆಲಸಕ್ಕಾಗಿ ಈ ಅಭ್ಯಾಸ? ಇವತ್ತು ಎಷ್ಟು ಸಲ ಮಾಡಿಸಿದಿರಿ? ಮನೆಯಲ್ಲಿ ನೆಲದ ಮೇಲೆ ಇದನ್ನು ಹೇಗೆ ಮಾಡಿಸಲಿ?